ಪಕ್ಕೀರಮ್ಮ ಹೇಳಿಕೊಡದ ಜಿಪ್ಪು

ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವರಿಗೇನು ಬರ ಎಂದು ಯಾರಾದರೂ ಕೇಳಿದರೆ ಅವರನ್ನು ಗಾದೆಪ್ಪನ ಶೆಡ್ಡಿಗೆ ಕರೆತಂದು ನಿಲ್ಲಿಸಬೇಕು. ಇಪ್ಪತ್ತು ಮಷೀನುಗಳಲ್ಲಿ ಹದಿಮೂರರ ಮೇಲೆ ಹೊದಿಕೆ ಬಿದ್ದಿದೆ. ಬಾಗಿಲ ಮುಂದಿದ್ದ ಮಿರ್ಚಿ ಗಾಡಿಯವನು ಗಿರಾಕಿಯಿಲ್ಲದೆ ಬಸ್ ಸ್ಟ್ಯಾಂಡಿನ ಕಡೆ ಹೊರಟುಹೋದ. ಗುಂಡಿ, ದಾರ ಮಾರುವವನು ಅರ್ಧ ಅಂಗಡಿಯನ್ನು ಮೊಬೈಲ್ ರಿಪೇರಿಯವನಿಗೆ ಬಿಟ್ಟುಕೊಟ್ಟ. ಇಲ್ಲಿ ನಿಲ್ಲದೆ ಓಡುತ್ತಿರುವುದೆಂದರೆ ಮಾಲೀಕ ಗಾದೆಪ್ಪನ ಬಾಯಿ ಒಂದೇ.

ಈ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷದಿಂದ ಜಿಪ್ಪು ಹಚ್ಚುತ್ತಿರುವವಳು ಪಕ್ಕೀರಮ್ಮ. ಹೊಸಬರಿಗೆ ಕೆಲಸ ಕಲಿಸುವವಳೂ ಅವಳೇ. ಜೇಬು, ಪಕ್ಕದ ಹೊಲಿಗೆ, ಬೆಲ್ಟು ಯಾರು ಬೇಕಾದರೂ ಕಲಿತಾರು. ಜಿಪ್ಪಿಗೆ ಪಳಗಿದ ಕೈ ಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಪ್ಯಾಂಟು ಮೂತಿ ಸೊಟ್ಟ ಮಾಡಿಕೊಂಡು ಕೂರುತ್ತದೆ.

ಅವಳು ಪಳಗಿಸಿದ ಹನ್ನೊಂದು ಮಂದಿ ಹೆಂಗಸರು ಒಬ್ಬೊಬ್ಬರಾಗಿ ಜೋರ್ಡಾನಿನ ಫ್ಯಾಕ್ಟರಿಗಳಿಗೆ ಹೋದರು. ಹೋಗುವ ದಿನ ಪ್ರತಿಯೊಬ್ಬಳೂ ಪಕ್ಕೀರಮ್ಮನ ಮಷೀನಿಗೆ ಎಣ್ಣೆ ಬಿಟ್ಟು, ಅದಕ್ಕೆ ಹಣೆ ಮುಟ್ಟಿಸಿ ಹೋಗುವುದು ಶೆಡ್ಡಿನ ಪದ್ಧತಿ. ಊರಲ್ಲಿ ಅವರು ಮನೆ ಕಟ್ಟಿಸಿದ ಸುದ್ದಿ ಕೇಳಿದರೆ ಅವಳಿಗೆ ಸಂತೋಷವೇ. ಆದರೆ ಸಾಕಾಗಿಹೋಗಿತ್ತು. ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಇನ್ನೊಬ್ಬಳಿಗೆ ತೋರಿಸುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಅವಳ ಬಲಭುಜವೂ ಈಗ ಕೈಕೊಟ್ಟಿತ್ತು.

“ಪಕ್ಕೀರಕ್ಕ, ಜಿಪ್ಪಿಗೆ ಇನ್ನೊಂದು ಕೈ ರೆಡಿ ಮಾಡು. ಇಲ್ಲಾಂದ್ರ ದೀಪಾವಳಿಗೆ ಶೆಡ್ಡು ಬಂದ್,” ಎಂದು ಗಾದೆಪ್ಪ ಹೇಳಿಬಿಟ್ಟಿದ್ದ. ಶೆಡ್ಡು ಮುಚ್ಚಿದರೆ ಈ ವಯಸ್ಸಿನಲ್ಲಿ, ಈ ಭುಜ ಇಟ್ಟುಕೊಂಡು, ಅವಳಿಗೆ ಬೇರೆ ಕೆಲಸ ಕೊಡುವವರಾರು?

ಕಲಿಸಬಹುದಾದವಳು ಕುರುಗೋಡಿನಿಂದ ದಿನಾ ಬಸ್ಸಿಗೆ ಬರುವ ಅನುಷಾ ಒಬ್ಬಳೇ. ಆದರೆ ಪರದೇಶಕ್ಕೆ ಕಳಿಸುವ ಏಜೆಂಟರು ಭಾನುವಾರ ಸಿರುಗುಪ್ಪದಲ್ಲಿ ಪರೀಕ್ಷೆ ಇಟ್ಟಿದ್ದರು, ಅನುಷಾ ಅದಕ್ಕೆ ಹೆಸರು ಕೊಟ್ಟಿದ್ದಳು. ಅಲ್ಲಿ ಹೊಲಿಸಿ ನೋಡುವುದು ಜಿಪ್ಪನ್ನೇ ಎಂಬುದು ಪಕ್ಕೀರಮ್ಮನಿಗೆ ಚೆನ್ನಾಗಿ ಗೊತ್ತು. ಪರೀಕ್ಷೆ ಮುಗಿದ ಮೇಲೆ ಕಲಿಸಿದರಾಯಿತು, ಹುಡುಗಿ ಇಲ್ಲೇ ಉಳಿಯುತ್ತಾಳೆ ಎಂದು ಲೆಕ್ಕ ಹಾಕಿದಳು. ಅನುಷಾ ಕೇಳಿದಾಗಲೆಲ್ಲ “ಸೋಮವಾರ ಹೇಳಿಕೊಡ್ತೀನಿ ತಗೋ” ಎಂದು ಸಾಗಹಾಕಿದಳು.

ಭಾನುವಾರ ಪರೀಕ್ಷೆಗೆ ಹೋದ ಅನುಷಾ ಸೋಮವಾರ ಕಣ್ಣು ಊದಿಸಿಕೊಂಡು ಬಂದಳು.

“ಏನಾತು?”

“ಜಿಪ್ಪು ಹಚ್ಚಾಕ ಕೊಟ್ರು ಅಕ್ಕಾ. ಸೊಟ್ಟ ಆತು. ತಪ್ಪಿದೋರು ದಸರಾಕ್ಕ ಮತ್ತ ಬರ್ರಿ ಅಂದಾರ.” ಮೂಗು ಒರೆಸಿಕೊಂಡಳು. “ಯಾರ ಹತ್ರ ಕಲಿತಿ ಅಂತ ಕೇಳಿದ್ರು. ನಿಮ್ಮ ಹೆಸರು ಹೇಳ್ಲಿಲ್ಲ.”

“ಯಾಕ?”

“ನಿಮ್ಮ ಕೈಯಾಗ ಕಲ್ತೋರು ಯಾರೂ ಜಿಪ್ಪಿನಾಗ ತಪ್ಪಿಲ್ಲಂತ. ನನ್ನಿಂದ ನಿಮಗ್ಯಾಕ ಕೆಟ್ಟ ಹೆಸರು? ಬ್ಯಾರೆ ಶೆಡ್ಡು ಅಂದೆ.”

ಹುಡುಗಿ ಬೈದಿದ್ದರೆ ಪಕ್ಕೀರಮ್ಮ ತಡೆದುಕೊಳ್ಳುತ್ತಿದ್ದಳು. ಈ ಮಾತು ಕೇಳಿ ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಭುಜ ಹಿಡಿದುಕೊಂಡು ತನ್ನ ಮಷೀನಿನಿಂದ ಎದ್ದಳು.

“ಕುಂದ್ರು ಇಲ್ಲಿ. ತಪ್ಪು ನಿಂದಲ್ಲ. ನಾನೇ ಬೇಕಂತ ಹೇಳಿಕೊಡ್ಲಿಲ್ಲ.”

ಅನುಷಾ ಅವಳ ಮುಖವನ್ನೇ ನೋಡಿದಳು. ಆಮೇಲೆ ಮಷೀನಿಗೆ ಕೂತಳು.

ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಜಿಪ್ಪು ಕೆಟ್ಟು, ಹತ್ತನೆಯದು ನೆಟ್ಟಗೆ ಕೂತಿತು. ಗಾದೆಪ್ಪ ಅದನ್ನು ಎರಡೆರಡು ಸಲ ಎಳೆದು ನೋಡಿ, “ಅಂತೂ ದೀಪಾವಳಿ ದಾಟಿದ್ವಿ ನೋಡು!” ಎಂದು ಶೆಡ್ಡೆಲ್ಲ ಕೇಳುವಂತೆ ನಕ್ಕ.

ಮಷೀನು ಕಿರುಗುಡುತ್ತಿತ್ತು. ಅನುಷಾ ಎಣ್ಣೆ ಡಬ್ಬಿಗೆ ಕೈ ಹಾಕಿದಳು. ಪಕ್ಕೀರಮ್ಮ ಮೆಲ್ಲಗೆ ಆ ಕೈ ಹಿಡಿದಳು.

“ಈಗ ಬ್ಯಾಡ. ದಸರಾ ಆದ ಮ್ಯಾಲೆ, ಹೋಗೋ ದಿನ ಬಿಡೀಯಂತ.”

ಗಾದೆಪ್ಪನ ಬಾಯಿ ಅಲ್ಲಿಗೇ ನಿಂತಿತು.