ಗಡಿ ನಡೆಯದ ಮುಖ್ಯಸ್ಥ

ಕಚೇರಿಯಲ್ಲಿ ಅವಳಿಗೆ ಗುಡುಗಮ್ಮ ಎಂದು ಅಡ್ಡಹೆಸರು. ಹುಲ್ಲುಗಾವಲು, ಕೆರೆ, ಕುರುಚಲು ಕಾಡು ಕಟ್ಟಡದವರ ಬಾಯಿಗೆ ಬೀಳದಂತೆ ಉಳಿಸುವ ಸಂಸ್ಥೆ ಅದು. ಟೈಪಿಸ್ಟಾಗಿ ಸೇರಿದವಳು ಊರೂರು ಅಲೆದು ದೇಣಿಗೆ ತಂದಿದ್ದಕ್ಕೇ ಅದರ ಬಾಗಿಲು ಇನ್ನೂ ತೆರೆದಿತ್ತು.

ಅಲ್ಲೊಂದು ಕಟ್ಟುಪಾಡು. ಯಾರೇ ಕೆಲಸಕ್ಕೆ ಸೇರಲಿ, ಮೊದಲು ನೆಲ ಕೊಡುವವರ ಜೊತೆ ಅದರ ಗಡಿಯುದ್ದಕ್ಕೂ ನಡೆಯಬೇಕು. ಕಾಲಿಗೆ ಮುಳ್ಳು ಚುಚ್ಚಬೇಕು, ಕೊಟ್ಟವರ ಮಾತು ಕಿವಿಗೆ ಬೀಳಬೇಕು. ಅಧ್ಯಕ್ಷರೂ ನಡೆದಿದ್ದರು, ಕಸ ಗುಡಿಸುವವಳೂ ನಡೆದಿದ್ದಳು.

ದೇಣಿಗೆ ವಿಭಾಗಕ್ಕೆ ಹೊಸ ಮುಖ್ಯಸ್ಥ ಬಂದ. ಗಡಿ ನಡೆಯಲಿಲ್ಲ. ಆ ಕುರ್ಚಿ ತನಗೆ ಸಿಗಲಿಲ್ಲವೆಂಬ ಕಹಿಯೂ ಅವಳಲ್ಲಿತ್ತು, ಸುಳ್ಳೇಕೆ?

"ಡ್ರೋನ್ ವಿಡಿಯೋ ನೋಡಿದ್ದೀನಿ ಮೇಡಂ. ಇಂಚಿಂಚೂ ಗೊತ್ತು."

"ಹದ್ದಿಗೂ ಗೊತ್ತು. ಅದನ್ನೇ ತಗೋಬಹುದಿತ್ತು, ಸಂಬಳ ಕೇಳ್ತಿರಲಿಲ್ಲ."

"ಹೋಗ್ಲಿ ಬಿಡಮ್ಮ," ಎಂದರು ಅಧ್ಯಕ್ಷರು. "ಇವರಿಗೆ ದೊಡ್ಡವರ ಪರಿಚಯ ಇದೆ."

ದೊಡ್ಡವರು ಅಂದರೆ ಗುಡ್ಡ ಅಗೆಯುವ ಸಿಮೆಂಟ್ ಕಂಪನಿಯವರು. ಅಜ್ಜಿಯೊಬ್ಬಳು ಬರೆದುಕೊಡಲಿರುವ ಹುಲ್ಲುಗಾವಲಿನಲ್ಲಿ, ಅವರು ಕೊಡುವ ದೇಣಿಗೆಗೆ ಬದಲಾಗಿ, ಅವರ ಹೆಸರಿನ ಕಮಾನು ಏಳುತ್ತದಂತೆ. ಅಜ್ಜಿಯ ಷರತ್ತು ಒಂದೇ: ಅಲ್ಲಿ ಯಾರ ಹೆಸರೂ ಬೇಡ, ತೀರಿಹೋದ ತನ್ನ ಗಂಡನದೂ ಬೇಡ. ಸಹಿ ಬೀಳುವವರೆಗೆ ಬಾಯಿ ಬಿಡಬೇಡ ಎಂದು ಅಧ್ಯಕ್ಷರು ಗುಡುಗಮ್ಮನಿಗೆ ತಾಕೀತು ಮಾಡಿದರು. ಪುಣ್ಯದ ಕೆಲಸ ಮಾಡುವವರ ಮೋಸಕ್ಕೆ ಎಷ್ಟು ಚೆಂದದ ಇಸ್ತ್ರಿ ನೋಡಿ!

ಸಹಿಯ ದಿನ ಅಜ್ಜಿಯ ಅಡುಗೆಮನೆಯಲ್ಲಿ ಅಧ್ಯಕ್ಷರು, ಹೊಸಬ, ಗುಡುಗಮ್ಮ ಮೂವರೂ ಕುಳಿತರು. ಅಜ್ಜಿ ಕನ್ನಡಕ ಮೂಗಿಗೇರಿಸಿ ಹೊಸಬನನ್ನು ದಿಟ್ಟಿಸಿದಳು.

"ಗಡಿ ನಡೆಯೋಕೆ ನೀನು ಬರ್ಲೇ ಇಲ್ವಲ್ಲಪ್ಪ? ಕೋಲು ಹಿಡ್ಕೊಂಡು ಕಾದಿದ್ದೆ."

"ಮಳೆ ಇತ್ತಲ್ಲ ಅಜ್ಜಿ..."

"ನಿನ್ನೊಬ್ಬನ ಮೇಲೇ ಬಿತ್ತೇನೋ?"

ಅಧ್ಯಕ್ಷರು ಆತುರಾತುರವಾಗಿ ಪೆನ್ನು ಚಾಚಿದರು. ಅಜ್ಜಿ ಗುಡುಗಮ್ಮನ ಕಡೆ ತಿರುಗಿದಳು. "ನೀನು ಹೇಳೇ ಮಗಳೇ, ಹಾಕ್ಲಾ?"

ಗುಡುಗಮ್ಮನ ಮನೆಯಲ್ಲಿ ಕೆಲಸ ಕಳಕೊಂಡ ಗಂಡ, ಕಾಲೇಜಿಗೆ ಹೋಗುವ ಮಗಳು. ಪಕ್ಕದಲ್ಲಿ ಹೊಸಬ ಫೋನಿನ ಮೇಲೆ ಬೆರಳಾಡಿಸುತ್ತಿದ್ದ. ಅದನ್ನು ಕಂಡದ್ದೇ ಮೈಯೆಲ್ಲ ಉರಿದುಹೋಯಿತು.

"ಹಾಕ್ಬೇಡಿ ಅಜ್ಜಿ! ಸಿಮೆಂಟಿನವರ ಹೆಸರು ಬರೆಸಿ ಕಮಾನು ಎಬ್ಬಿಸ್ತಾರೆ ಅಲ್ಲಿ. ನಾನು ಬಾಯಿ ಮುಚ್ಕೊಂಡಿರ್ಬೇಕಂತೆ!"

ಅಧ್ಯಕ್ಷರ ಮುಖ ಸುಣ್ಣವಾಯಿತು. ಅಜ್ಜಿ ಪೆನ್ನನ್ನು ಹಿಂದಕ್ಕೆ ತಳ್ಳಿ, ಕೋಲಿನಿಂದ ಬಾಗಿಲು ತೋರಿಸಿದಳು.

ಕಾರು ಗುಡುಗಮ್ಮನನ್ನು ಬಿಟ್ಟೇ ಹೊರಟಿತು. ಕೆಲಸವೂ ಅದರ ಹಿಂದೆಯೇ ಹೋಯಿತೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

"ಬಸ್ಸು ಯಾವಾಗ ಅಜ್ಜಿ?"

"ಬರುತ್ತೆ, ಕೂತ್ಕೊ. ಅವ್ರನ್ನ ಬೈಯೋದು ನಂಗಿನ್ನೂ ಮುಗಿದಿಲ್ಲ."