ಏಳು ಅಡಿ ತ್ರಿಜ್ಯದ ಹೂದೋಟ

ಅರವತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಾನು ಸಂಖ ಎಂಬ ಊರಿನ ಶಾಲೆಯಲ್ಲಿ ಗಣಿತದ ಮಾಸ್ತರ. ಆಗಷ್ಟೇ ಮದುವೆಯಾಗಿತ್ತು. ಹೆಂಡತಿ ಹತ್ತಿರದ ಸೊರಡಿ ಊರಿನವಳು, ಕುರಿ ಕಾಯುವ ಮನೆತನದ ಒಬ್ಬಳೇ ಮಗಳು. ಹೆಣ್ಣು ಕೇಳಲು ಹೋದಾಗ ಮಾವ, "ಹೊಲ ಇಲ್ಲ, ಕುರಿ ಇಲ್ಲ. ನನ್ನ ಮಗಳನ್ನ ಹ್ಯಾಂಗ ನೋಡ್ಕೋತೀರಿ?" ಎಂದು ಕೇಳಿದ್ದರು. "ಲೆಕ್ಕಾ ಬರತೈತ್ರಿ" ಎಂದಿದ್ದೆ. ಈಗ ನೆನೆದರೂ ಬೆವರು ಬರುತ್ತದೆ. ಅವರು ಮಗಳನ್ನು ಕೊಟ್ಟರು, ನಂಬಿಕೆಯನ್ನು ಮಾತ್ರ ಕೊಡಲಿಲ್ಲ.

ನಮ್ಮ ಬಾಡಿಗೆ ಮನೆಯ ಮುಂದೆ ಎರಡು ಗುಂಟೆ ಬೋಳು ನೆಲವಿತ್ತು. ಹೆಂಡತಿಗೆ ಅಲ್ಲಿ ಅಬ್ಬಲಿಗೆ ಹೂವಿನ ಗಿಡ ಹಚ್ಚುವ ಆಸೆ. ನನಗೆ ಮಾವನಿಗೆ ಉತ್ತರ ಕೊಡುವ ಆಸೆ. ತೋಟವನ್ನೇ ಮಾಡಿ ತೋರಿಸುವುದೆಂದು ಖರ್ಚಿನ ಅಂದಾಜು ಬರೆಯಲು ಕುಳಿತೆ. ನಡುವೆ ದುಂಡನೆಯ ಮಡಿ, ತ್ರಿಜ್ಯ ಏಳು ಅಡಿ. ಏಳೇ ಯಾಕೆಂದರೆ ಇಪ್ಪತ್ತೆರಡರ ಕೆಳಗಿನ ಏಳು ಸಲೀಸಾಗಿ ಹೊಡೆದುಹೋಗುತ್ತದೆ. ಪರಿಧಿ ನಲವತ್ನಾಲ್ಕು ಅಡಿ, ಅಡಿಗೊಂದು ಕಲ್ಲು, ಕಲ್ಲಿಗಿಷ್ಟು ದರ. ಹೂವಿಗಿಂತ ಭಾಗಾಕಾರ ಚೆನ್ನಾಗಿ ಅರಳಿತ್ತು.

"ಅಬ್ಬಲಿಗಿ ಎಲ್ಲಿ ಹಚ್ಚೂದ್ರಿ?" ಎಂದು ಹೆಂಡತಿ ಕೇಳಿದಳು.

"ತಡಿ, ಅದು ಮೂರನೇ ಹಾಳ್ಯಾಗ ಬರತೈತಿ."

ಗೊಬ್ಬರದ ಹತ್ತಿರ ಲೆಕ್ಕ ನನ್ನ ಪಗಾರ ದಾಟಿತು. ನಮ್ಮ ಕಡೆ ಹೊಲದಲ್ಲಿ ಒಂದು ರಾತ್ರಿ ಕುರಿ ಹಿಂಡು ನಿಲ್ಲಿಸಿದರೆ ಅದೇ ಗೊಬ್ಬರ. ಕುರಿಯವರಿಗೆ ಕಾಳು ಕೊಡುವುದು ರೂಢಿ. ತ್ರೈರಾಶಿ ಹಾಕಿದೆ. ಎಕರೆಗೆ ಇನ್ನೂರು ಕುರಿಯಾದರೆ ಎರಡು ಗುಂಟೆಗೆ ಹತ್ತು. ಮೂರೂ ಹಾಳೆ ಹಿಡಿದು ಸೊರಡಿಗೆ ಹೋದೆ.

ಮಾವ ಪೂರ್ತಿ ಕೇಳಿದರು. "ಹತ್ತ ಕುರಿ ಹಿಂಡ ಬಿಟ್ಟು ನಿಲ್ಲೂದಿಲ್ರಿ ಮಾಸ್ತರ. ರಾತ್ರಿಪೂರಾ ಒದರತಾವು."

ನಾನು ಸೋಲುವವನೇ? "ಹಂಗಾದ್ರ ಇನ್ನೂರೂ ಬರಲಿ ಮಾವಾರ. ಹನ್ನೆರಡ ತಾಸಿನ ಇಪ್ಪತ್ತನೇ ಪಾಲು, ಮೂವತ್ತಾರ ಮಿನಿಟ ನಿಂತ್ರ ಸಾಕು."

ಹೆಂಡತಿಯ ಅಣ್ಣ ನಗು ತಡೆಯಲಾರದೆ ಎದ್ದು ಹೋದ. ಮಾವ ನಗಲಿಲ್ಲ. "ಲಗೂನ ಹಿಕ್ಕಿ ಹಾಕ್ರಿ ಅಂತ ಕುರಿಗೆ ನಾ ಹೇಳ್ಲೋ, ನೀವ ಹೇಳ್ತೀರೋ?" ಎಂದರು. ಆಮೇಲೆ, "ಗೊಬ್ಬರ ಬಿಡ್ರಿ, ಎರಡ ಚೀಲ ನಾನ ತರ್ತೀನಿ. ನೀರು?" ಎಂದು ಕೇಳಿದರು.

ಇದಕ್ಕೆ ಉತ್ತರ ಸಿದ್ಧವಿತ್ತು. "ದಿನಾ ಇಪ್ಪತ್ತ ಕೊಡ. ಖರ್ಚ ಏನೂ ಇಲ್ರಿ, ಸೊನ್ನಿ."

"ಯಾರು ಹೊರೂದು?"

ಹಾಳೆಯತ್ತ ನೋಡಿದೆ. ಬಾವಿ ಊರಾಚೆ ಇತ್ತು. ಕಲ್ಲಿಗೆ ದರ ಹಾಕಿದ್ದೆ, ಕುರಿಗೆ ಮಿನಿಟು ಹಾಕಿದ್ದೆ. ಇವರ ಮಗಳ ನೆತ್ತಿಗೆ ಸೊನ್ನೆ ಹಾಕಿದ್ದೆ. ಮಾವ ಎದ್ದು ಕುರಿಗಳ ಕಡೆ ಹೋದರು. ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಕೊಡ ಹೆಗಲಿಗೇರಿಸಿದೆ. ಮಾಸ್ತರ ನೀರು ಹೊರುವುದನ್ನು ನೋಡಲು ಓಣಿಯೆಲ್ಲ ಕಟ್ಟೆಗೆ ಬಂತು. ನಾಲ್ಕನೆಯ ಕೊಡಕ್ಕೆ ಸೊಂಟ ಹಿಡಿಯಿತು. ವಾರದಲ್ಲಿ ಎರಡು ಗುಂಟೆಯ ತೋಟ ಎರಡು ಅಬ್ಬಲಿಗೆ ಗಿಡಕ್ಕೆ ಇಳಿಯಿತು. ಹೆಂಡತಿ ಬಾಗಿಲ ಪಕ್ಕದಲ್ಲಿ ತನಗೆ ಬೇಕಾದಲ್ಲಿ ಅವನ್ನು ಹಚ್ಚಿದಳು.

ಮಾವ ಎರಡು ಚೀಲ ಗೊಬ್ಬರದೊಂದಿಗೆ ಬಂದ ದಿನ ನಾನು ಬಾವಿಯಿಂದ ಬರುತ್ತಿದ್ದೆ. ಅರ್ಧ ನೀರು ಅಂಗಿಯ ಮೇಲಿತ್ತು. ಅವರು ಕೈಚಾಚಿ ಕೊಡ ಇಳಿಸಿಕೊಳ್ಳಲಿಲ್ಲ. ನಾನು ಗಿಡಕ್ಕೆ ನೀರು ಹಾಕುವವರೆಗೆ ನೋಡುತ್ತ ನಿಂತು, ಮಗಳ ಕಡೆ ತಿರುಗಿದರು.

"ಇನ್ನ ನಾ ಹೊಂಡತೀನಿ ಯವ್ವಾ. ನಿನ್ನ ಚಿಂತಿ ಇಲ್ಲ ನನಗ."