ಮೂರನೇ ಮಹಡಿಯ ಪೂರ್ವದ ಕಿಟಕಿ

ಕಟ್ಟಡಗಳ ಮಾದರಿ ಮಾಡಿಕೊಡುವುದು ನನ್ನ ಕೆಲಸ. ಬಿಲ್ಡರುಗಳು ತಮ್ಮ ಆಫೀಸಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡುತ್ತಾರಲ್ಲ, ಮೇಜಿನಷ್ಟಗಲದ ಪುಟ್ಟ ಅಪಾರ್ಟ್‌ಮೆಂಟು, ಅದು. ಭದ್ರಾವತಿಯ ನ್ಯೂಟೌನಿನಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯೇ ವರ್ಕ್‌ಶಾಪು. ಅಪ್ಪ ಕಾರ್ಖಾನೆಯಲ್ಲಿ ಎರಕಕ್ಕೆ ಬೇಕಾದ ಮರದ ಅಚ್ಚುಗಳನ್ನು ಮಾಡುತ್ತಿದ್ದರು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಅದನ್ನು ಪಕ್ಕಕ್ಕೆಸೆದು ಮೊದಲಿಂದ ಶುರುಮಾಡುವವರು. ಕೈಕೆಲಸ ನನಗೆ ಅವರಿಂದ ಬಂತು. ಉಳಿದದ್ದು ಎಷ್ಟು ಬಂತು ಎಂಬುದು ಈಗ ಹೇಳುವ ಪ್ರಸಂಗ ನಡೆದ ಮೇಲೆ ನನಗೇ ಅನುಮಾನ.

ಕೆಲವು ವರ್ಷಗಳ ಹಿಂದೆ ಶಿವಮೊಗ್ಗದ ಒಬ್ಬ ಬಿಲ್ಡರ್ ಕಡೆಯ ಸೇಲ್ಸ್ ಮ್ಯಾನೇಜರ್ ನಕ್ಷೆಗಳ ಸುರುಳಿ ಹಿಡಿದು ಬಂದ. ಸವಳಂಗ ರಸ್ತೆಯಿಂದ ಸ್ವಲ್ಪ ಒಳಗೆ ಐದು ಮಹಡಿಯ ಕಟ್ಟಡ.

"ಕಿಟಕಿಗೆಲ್ಲ ಎಲ್‌ಇಡಿ ಬೇಕು ಮೇಡಂ. ಸ್ವಿಚ್ ಹಾಕಿದ್ರೆ ಇಡೀ ಬಿಲ್ಡಿಂಗ್ ಉರೀಬೇಕು."

"ನಿಜವಾದ ಮನೆಗಳಲ್ಲಿ ಎಲ್ಲಾ ರೂಮಲ್ಲೂ ಒಟ್ಟಿಗೇ ದೀಪ ಇರಲ್ಲ. ಕೆಲವು ಹಾಗೇ ಬಿಟ್ರೆ ಚೆನ್ನಾಗಿ ಕಾಣುತ್ತೆ," ಅಂದೆ.

"ಕತ್ತಲೆ ರೂಮು ಯಾರು ತಗೋತಾರೆ ಮೇಡಂ," ಎಂದು ನಕ್ಕ.

ನಕ್ಷೆಯಲ್ಲಿ ಪೂರ್ವದ ಕಡೆ ಚುಕ್ಕೆಗೆರೆಯಲ್ಲಿ ಇನ್ನೊಂದು ಕಟ್ಟಡವಿತ್ತು. ಅದೂ ಐದು ಮಹಡಿಯದೇ, ಬೇರೆಯವರದು. ಎರಡರ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಡೆದುಹೋಗುವಷ್ಟು ಜಾಗ. "ಇದನ್ನೂ ಮಾಡ್ಲಾ?" ಎಂದು ಕೇಳಿದೆ.

"ಪಕ್ಕದೋರ ಬಿಲ್ಡಿಂಗ್ ನಮಗ್ಯಾಕೆ? ಅಲ್ಲಿ ಲಾನ್ ಹಾಕಿ, ಎರಡು ಮರ ಇಡಿ."

ಅಳತೆ ನೋಡಿದ್ದೆ. ನೋಡಿಯೂ ಲಾನ್ ಹಾಕಿದೆ. ಅದನ್ನು ಮುಚ್ಚಿಡುವುದಿಲ್ಲ.

ಕೆಲಸವನ್ನಂತೂ ಶ್ರದ್ಧೆಯಿಂದಲೇ ಮಾಡಿದೆ. ಒಂದು ಕೋಣೆಯ ಬೆಳಕು ಇನ್ನೊಂದಕ್ಕೆ ಸೋರಿದರೆ ಇಡೀ ಗೋಡೆಯೇ ಹೊಳೆಯುತ್ತದೆ, ಕಿಟಕಿ ಕಿಟಕಿಯಾಗಿ ಕಾಣುವುದಿಲ್ಲ. ಅದಕ್ಕೇ ಒಂದೊಂದು ಕೋಣೆಗೂ ಕಪ್ಪು ಕಾಗದದ ಡಬ್ಬಿ ಮಾಡಬೇಕು. ಕಿಟಕಿಗೆ ಬಟರ್ ಪೇಪರ್ ಅಂಟಿಸಿ ಅದರ ಹಿಂದೆ ಅಕ್ಕಿಕಾಳಿನಷ್ಟು ಎಲ್‌ಇಡಿ ಕೂರಿಸಬೇಕು. ಬಿಳಿಯದು ಹಾಕಿದರೆ ಆಸ್ಪತ್ರೆಯಂತೆ ಕಾಣುತ್ತದೆ, ಹಳದಿ ಹಾಕಿದರೆ ಒಳಗೆ ಯಾರೋ ಅನ್ನಕ್ಕಿಟ್ಟಿದ್ದಾರೆ ಅನ್ನಿಸುತ್ತದೆ. ನಾನು ಹಳದಿಯನ್ನೇ ಹಾಕಿದೆ.

ಬುಕಿಂಗ್ ಶುರುವಾದ ದಿನ ವೈರುಗಳನ್ನು ನೋಡಿಕೊಳ್ಳಲು ನಾನೂ ಅವರ ಆಫೀಸಿನಲ್ಲಿದ್ದೆ. ಪರದೆ ಎಳೆದು, ಟ್ಯೂಬ್‌ಲೈಟ್ ಆರಿಸಿ, ಮಾದರಿಯ ಸ್ವಿಚ್ ಹಾಕಿದರು. ಬಂದವರೆಲ್ಲ ಅದರ ಸುತ್ತ ಸೇರಿದರು. ಅವರಲ್ಲಿ ಕುಂಸಿಯ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಡುವ ಒಬ್ಬ ಟೀಚರ್ ಇದ್ದರು. ಒಬ್ಬರೇ ಇರುವವರು, ಐವತ್ತರ ಹತ್ತಿರದ ವಯಸ್ಸು, ದಪ್ಪ ಕನ್ನಡಕ. ಬಗ್ಗಿ ಮೂರನೇ ಮಹಡಿಯ ಪೂರ್ವದ ಕಿಟಕಿಯ ಮುಂದೆ ಬೆರಳಿಟ್ಟು ನನ್ನನ್ನೇ ಕೇಳಿದರು: "ಇಲ್ಲಿ ಮೇಜು ಹಾಕ್ಕೊಂಡ್ರೆ ಓದೋಕೆ, ಪೇಪರ್ ತಿದ್ದೋಕೆ ಬೆಳಗ್ಗೆ ಬೆಳಕು ಚೆನ್ನಾಗಿ ಬರುತ್ತೆ ಅಲ್ವಾ?"

ನಾನು "ಹ್ಞೂಂ" ಅಂದೆ.

ಕಟ್ಟಡ ಮುಗಿದು ಜನ ಸೇರಿಕೊಂಡ ಮೇಲೆ ಒಂದು ಭಾನುವಾರ ಅವರು ಬಸ್ಸು ಹಿಡಿದು ಭದ್ರಾವತಿಗೆ ಬಂದರು. ಮಾದರಿಯ ಮೂಲೆಯಲ್ಲಿ ಅಂಟಿಸಿದ್ದ ಚೀಟಿಯಿಂದ ನನ್ನ ನಂಬರ್ ಬರೆದುಕೊಂಡಿದ್ದರಂತೆ. ಜಗಲಿಯಲ್ಲಿ ಕೂತು ನೀರು ಕುಡಿದು ನಿಧಾನಕ್ಕೆ ಕೇಳಿದರು: "ಜಗಳಕ್ಕೆ ಬಂದಿಲ್ಲ. ಪಕ್ಕದಲ್ಲಿ ಲಾನ್ ಬರಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು," ಅಂದೆ.

ಅವರು ಖಾಲಿ ಲೋಟ ಕೆಳಗಿಟ್ಟರು. ಆಮೇಲೆ, "ಹಾಗಾದ್ರೆ ಒಂದ್ಸಲ ಬಂದು ನೋಡಿ ಮಾರಾಯ್ತಿ," ಅಂದರು.

ಮರುವಾರ ಹೋದೆ. ಹಗಲು ಹನ್ನೊಂದು ಗಂಟೆ, ಹೊರಗೆ ಚುರುಗುಟ್ಟುವ ಬಿಸಿಲು. ಅವರ ಕೋಣೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಕಿಟಕಿಯ ಕೆಳಗಿನ ಮೇಜಿನ ಮೇಲೆ ಇನ್ನೊಂದು ದೀಪ. ಕಿಟಕಿ ತೆರೆದೆ. ಸಿಮೆಂಟು ಬಳಿಯದ ಇಟ್ಟಿಗೆ ಗೋಡೆ, ಅದರ ಮೇಲೆ ಇಳಿದುಹೋದ ಪೈಪುಗಳು. ಕಂಬಿಯ ನಡುವಿನಿಂದ ಕೈ ಚಾಚಿದರೆ ಗೋಡೆ ಬೆರಳಿಗೆ ಸಿಕ್ಕಿತು.

"ಬುಕ್ ಮಾಡುವಾಗ ನಮ್ಮದು ಬರೀ ಪಾಯ ಇತ್ತು. ಪಕ್ಕದ ಕಟ್ಟಡ ನೋಡಿ ಕೇಳಿದ್ದೆ," ಅಂದರು ಟೀಚರ್. "ಆ ಮ್ಯಾನೇಜರು, ಮಧ್ಯೆ ಜಾಗ ಬಿಡ್ತೀವಿ, ಲಾನ್ ಬರುತ್ತೆ, ಮಾಡೆಲ್‌ನಲ್ಲೇ ಇದೆಯಲ್ಲ ಮೇಡಂ ಅಂದ."

ಸ್ಪಂಜಿಗೆ ಹಸಿರು ಬಣ್ಣ ಹಚ್ಚಿ ನಾನು ಕತ್ತರಿಸಿ ಅಂಟಿಸಿದ್ದ ಲಾನು, ಒಬ್ಬ ಹೆಂಗಸಿನ ಬಾಯಿ ಮುಚ್ಚಿಸುವ ಸಾಕ್ಷಿಯಾಗಿತ್ತು. ಅಲ್ಲಿಂದ ನೇರ ಬಿಲ್ಡರ್ ಆಫೀಸಿಗೆ ಹೋದೆ.

ಮ್ಯಾನೇಜರ್ ಸ್ವಲ್ಪವೂ ವಿಚಲಿತನಾಗಲಿಲ್ಲ. "ಇದು ಕಾಲ್ಪನಿಕ ಚಿತ್ರಣ ಅಂತ ಮಾಡೆಲ್ ಕೆಳಗೇ ಬರೆದಿದೀವಲ್ಲ ಮೇಡಂ," ಎಂದು ಇರುವೆ ಸಾಲಿನಂಥ ಅಕ್ಷರಗಳನ್ನು ತೋರಿಸಿದ. "ಅಷ್ಟಕ್ಕೂ ಮಾಡಿದ್ದು ನೀವೇ ಅಲ್ವಾ?"

ನಾನು ಬಗ್ಗಿ ಆ ಅಕ್ಷರಗಳನ್ನು ಓದಿದೆ. ಅವನೇ ಮುಂದುವರಿಸಿದ: "ಬಂದಿದ್ದು ಒಳ್ಳೇದಾಯ್ತು. ಕೆಲವು ಲೈಟ್ ಹೋಗಿವೆ, ರಿಪೇರಿ ಮಾಡಿಕೊಡಿ. ಉಳಿದಿರೋ ಫ್ಲ್ಯಾಟ್ ಮಾರ್ಬೇಕು." ಉಳಿದಿದ್ದವು ಹೆಚ್ಚಿನವು ಪೂರ್ವದ ಕಡೆಯವೇ.

ಮಾದರಿಯನ್ನು ಮನೆಗೆ ತಂದೆ. ಕೆಟ್ಟುಹೋದ ಎಲ್‌ಇಡಿಗಳನ್ನು ಬದಲಿಸಿದೆ. ಆಮೇಲೆ ಲಾನನ್ನೂ ಮರಗಳನ್ನೂ ಕೆರೆದು ತೆಗೆದು, ಹಳೆಯ ನಕ್ಷೆಯನ್ನು ಬಿಡಿಸಿಟ್ಟುಕೊಂಡು, ಬೂದು ಹಾಳೆಯಲ್ಲಿ ಪಕ್ಕದ ಕಟ್ಟಡವನ್ನು ಐದೂ ಮಹಡಿ ಮಾಡಿ, ಸರಿಯಾದ ಅಳತೆಗೆ ಗಟ್ಟಿಯಾಗಿ ಅಂಟಿಸಿದೆ. ಸ್ವಿಚ್ ಹಾಕಿದಾಗ ಪೂರ್ವದ ಕಿಟಕಿಗಳು ಉರಿಯುತ್ತಲೇ ಇದ್ದವು. ಆದರೆ ಬೆಳಕು ಎದುರಿನ ಬೂದು ಗೋಡೆಗೆ ಬಡಿದು ಅಲ್ಲೇ ನಿಂತಿತ್ತು.

ಅದನ್ನು ಆಫೀಸಿಗೆ ಒಯ್ದಾಗ ಫ್ಲ್ಯಾಟ್ ನೋಡಲು ಬಂದ ಗಂಡ ಹೆಂಡತಿ ಕೂತಿದ್ದರು. "ಪಕ್ಕದಲ್ಲಿ ಇದೇನು?" ಎಂದು ಗಂಡ ಕೇಳಿದ.

"ಅಲ್ಲಿ ಇರೋ ಬಿಲ್ಡಿಂಗು. ನಕ್ಷೇಲಿ ಇದೆ," ಅಂದೆ. ಹೆಂಡತಿ ಬಗ್ಗಿ ಆ ಸಂದಿಯೊಳಗೆ ಇಣುಕಿದಳು. ಆಮೇಲೆ ಇಬ್ಬರೂ ಯೋಚನೆ ಮಾಡಿ ಬರ್ತೀವಿ ಎಂದು ಎದ್ದು ಹೋದರು.

ಮ್ಯಾನೇಜರ್ ದನಿ ಏರಿಸಲಿಲ್ಲ. "ತೆಗೀರಿ ಅದನ್ನ," ಅಂದ.

"ತೆಗೆಯಲ್ಲ. ನೀವು ಕೊಟ್ಟ ನಕ್ಷೆ ಪ್ರಕಾರ ಈಗ ಸರಿಯಾಗಿದೆ."

ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದು ನನ್ನ ಕಣ್ಣೆದುರೇ ಮೀಟಿದ. ಅಂಟು ಬಿಡಲಿಲ್ಲ. ಬೂದು ಕಟ್ಟಡದ ಜೊತೆ ಪೂರ್ವದ ಗೋಡೆಯೂ ಕಿತ್ತುಬಂತು, ವೈರುಗಳು ಜೋತಾಡಿದವು, ಆ ಬದಿಯ ದೀಪಗಳೆಲ್ಲ ಆರಿದವು. ಕಿತ್ತದ್ದಕ್ಕೆ ನನಗೆ ನೋವಾಗಲಿಲ್ಲ. ಆ ಹೆಂಗಸು ಇಣುಕಿ ನೋಡಿದ್ದನ್ನು ಅಳಿಸಿಬಿಡಬಹುದು ಎಂದುಕೊಂಡನಲ್ಲ, ಆ ಧಿಮಾಕಿನ ಮೇಲಿನ ಸಿಟ್ಟು ಇವತ್ತೂ ಇಳಿದಿಲ್ಲ.

ಆ ಬಿಲ್ಡರ್ ಮತ್ತೆ ಕರೆಯಲಿಲ್ಲ. ಊರಿನ ಇನ್ನಿಬ್ಬರು ಬಿಲ್ಡರುಗಳೂ ಫೋನು ನಿಲ್ಲಿಸಿದರು. ಟೀಚರು ಮತ್ತು ಪೂರ್ವದ ಮನೆಗಳವರು ಸೇರಿ ದೂರು ಕೊಟ್ಟಿದ್ದಾರೆ. ನಕ್ಷೆಯ ಪ್ರತಿಯ ಜೊತೆ ನಾನೂ ಒಂದು ಹೇಳಿಕೆ ಬರೆದುಕೊಟ್ಟೆ, ತಿಳಿದೂ ಲಾನ್ ಹಾಕಿದ್ದೆ ಎಂಬುದನ್ನೂ ಸೇರಿಸಿ. ದೂರು ಇನ್ನೂ ಎಲ್ಲೋ ಒಂದು ಮೇಜಿನ ಮೇಲಿದೆ.

ಈ ನಡುವೆ ಬಿಲ್ಡರ್ ಆಳುಗಳನ್ನು ಕಳಿಸಿ, ಪಕ್ಕದವರನ್ನು ಒಪ್ಪಿಸಿ, ಆ ಇಟ್ಟಿಗೆ ಗೋಡೆಗೆ ಬಿಳಿ ಬಣ್ಣ ಹೊಡೆಸಿದ. ಬೆಳಕು ಪ್ರತಿಫಲಿಸುತ್ತದಂತೆ. ಫೋನಿನಲ್ಲಿ ಇದನ್ನು ಹೇಳುತ್ತಾ ಟೀಚರ್ ನಕ್ಕರು, ನನಗೆ ನಗು ಬರಲಿಲ್ಲ. ಉತ್ತರಪತ್ರಿಕೆಗಳನ್ನು ಈಗ ಅವರು ಕುಂಸಿಯ ಶಾಲೆಯಲ್ಲೇ ಕೂತು ತಿದ್ದಿ, ಸಂಜೆಯ ಬಸ್ಸಿಗೆ ಬರುತ್ತಾರೆ.